ಅಲೆಕ್ಸಿಸ್‌ನ ಹೊಟ್ಟೆಪಾಡು

1825ರ ಆಗಸ್ಟ್ 1, ಮಧ್ಯಾಹ್ನ ಹನ್ನೆರಡು ಗಂಟೆ. ಅಮೆರಿಕದ ಸೈನ್ಯದಲ್ಲಿ ವೈದ್ಯನಾಗಿದ್ದ ವಿಲಿಯಂ ಬೋಮಾಂಟ್ ಒಂದು ರೇಷ್ಮೆ ದಾರಕ್ಕೆ ಅಲ್ಲಲ್ಲಿ ಗಂಟು ಹಾಕಿ ತಿನಿಸಿನ ತುಣುಕುಗಳನ್ನು ಪೋಣಿಸಿದ. ಮಸಾಲೆ ಹಾಕಿ ಬೇಯಿಸಿದ ದನದ ಮಾಂಸ, ಉಪ್ಪು ಹಚ್ಚಿದ ಹಸಿ ಹಂದಿಕೊಬ್ಬು, ಉಪ್ಪು ಹಚ್ಚಿದ ದನದ ಮಾಂಸ ಹಸಿಯದೊಂದು ಬೇಯಿಸಿದ್ದೊಂದು, ಒಣಗಿದ ಬ್ರೆಡ್ಡಿನ ತುಂಡು, ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸು. ಒಂದೊಂದೂ ಏಳೆಂಟು ಗ್ರಾಂ ತೂಗುತ್ತಿತ್ತು. ಎದುರಿಗೆ ಕೂತಿದ್ದ ಹುಡುಗನ ಎಡ ಎದೆಯ ಕೆಳಗೆ ಒಂದು ತೂತಿತ್ತು. ಬೋಮಾಂಟ್ ಆ ದಾರವನ್ನು ತೂತಿನೊಳಗೆ ಇಳಿಬಿಟ್ಟು, ಹುಡುಗನನ್ನು ಅವನ ಎಂದಿನ ಮನೆಗೆಲಸಕ್ಕೆ ಕಳಿಸಿದ.

ಒಂದು ಗಂಟೆಗೆ ದಾರ ಎಳೆದು ನೋಡಿದರೆ ಕೋಸು, ಬ್ರೆಡ್ಡು ಅರ್ಧ ಕರಗಿದ್ದವು. ಮಾಂಸದ ತುಂಡುಗಳು ಹಾಕಿದಂತೆಯೇ ಇದ್ದವು. ಮತ್ತೆ ಒಳಗೆ ಬಿಟ್ಟ. ಎರಡು ಗಂಟೆಗೆ ನೋಡಿದಾಗ ಕೋಸು, ಬ್ರೆಡ್ಡು, ಹಂದಿಕೊಬ್ಬು, ಉಪ್ಪು ಹಚ್ಚಿ ಬೇಯಿಸಿದ ಮಾಂಸ ಇದ್ದ ಜಾಗದಲ್ಲಿ ಬರೀ ದಾರ. ಮೂರು ಗಂಟೆಯ ಹೊತ್ತಿಗೆ ಹುಡುಗನಿಗೆ ಹೊಟ್ಟೆಯಲ್ಲಿ ಸಂಕಟ, ತಲೆನೋವು, ಮೈಯೆಲ್ಲ ಸುಸ್ತು. ದಾರವನ್ನು ಪೂರ್ತಿ ಹೊರಗೆ ತೆಗೆಯಬೇಕಾಯಿತು. ಮರುದಿನವೂ ನರಳಾಟ ನಿಲ್ಲಲಿಲ್ಲ. ವೈದ್ಯ ಭೇದಿಯಾಗಲೆಂದು ಕೊಡುವ ಅರ್ಧ ಡಜನ್ ಪಾದರಸದ ಗುಳಿಗೆಗಳನ್ನು ಅದೇ ತೂತಿನಿಂದ ಒಳಗೆ ಉದುರಿಸಿದ.

ಆ ಹುಡುಗನ ಹೆಸರು ಅಲೆಕ್ಸಿಸ್ ಸೇಂಟ್ ಮಾರ್ಟಿನ್. ಜಠರ ಏನು ಮಾಡುತ್ತದೆ ಎಂದು ಇವತ್ತು ಶಾಲೆಯ ಮಕ್ಕಳು ಬಾಯಿಪಾಠ ಒಪ್ಪಿಸುವ ಎಷ್ಟೋ ಸಂಗತಿಗಳು ಜೀವಂತ ಮನುಷ್ಯನೊಳಗೆ ಕಣ್ಣಿಗೆ ಬಿದ್ದದ್ದು ಅವನ ಹೊಟ್ಟೆಯಲ್ಲಿ. ಶರೀರಶಾಸ್ತ್ರದ ಚರಿತ್ರೆ ಬರೆದವರು ಬೋಮಾಂಟನಿಗೆ ದೊಡ್ಡ ಹೆಸರು ಕೊಟ್ಟಿದ್ದಾರೆ, ಅದು ಸಲ್ಲಬೇಕಾದದ್ದೇ. ಆದರೆ ಈ ಕತೆಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ದಾರ ಹಿಡಿದವನಿಗಿಂತ ದಾರ ನುಂಗಿದವನ ಕಡೆಗೇ ವಾಲುತ್ತದೆ.

ಮಿಚಿಗನ್ ಮತ್ತು ಹ್ಯೂರಾನ್ ಸರೋವರಗಳು ಕೂಡುವ ಕಡೆ ಮ್ಯಾಕಿನಾ ಎಂಬ ಪುಟ್ಟ ದ್ವೀಪವಿದೆ. ಆಗ ಅದು ತುಪ್ಪಳದ ವ್ಯಾಪಾರದ ಕೇಂದ್ರ. ಅಲೆಕ್ಸಿಸ್ ಫ್ರೆಂಚ್ ಮಾತಾಡುವ ಕೆನಡಾದವನು. ದೋಣಿಗೆ ಹುಟ್ಟು ಹಾಕುತ್ತ, ತುಪ್ಪಳದ ಮೂಟೆ ಹೊರುತ್ತ ಬದುಕುತ್ತಿದ್ದ ಕೂಲಿಯಾಳು, ವಯಸ್ಸು ಇಪ್ಪತ್ತರ ಆಸುಪಾಸು. 1822ರ ಜೂನ್ 6ರ ಬೆಳಿಗ್ಗೆ ಅಮೆರಿಕನ್ ಫರ್ ಕಂಪನಿಯ ಅಂಗಡಿಯಲ್ಲಿ ಯಾರದೋ ಕೈಯಲ್ಲಿದ್ದ ಕೋವಿ ಆಕಸ್ಮಿಕವಾಗಿ ಹಾರಿತು. ಕೋವಿಯ ಬಾಯಿಗೂ ಅಲೆಕ್ಸಿಸ್‌ನ ಮೈಗೂ ಮೂರಡಿ ಅಂತರ ಕೂಡ ಇರಲಿಲ್ಲ. ಮದ್ದು, ಬಾತುಕೋಳಿ ಹೊಡೆಯುವ ಚರೆ, ಅಂಗಿಯ ಚೂರು ಎಲ್ಲ ಒಟ್ಟಿಗೆ ಪಕ್ಕೆಯೊಳಗೆ ನುಗ್ಗಿದವು. ದ್ವೀಪದ ಸೈನ್ಯದ ಕೋಟೆಯಿಂದ ಓಡಿ ಬಂದ ಬೋಮಾಂಟ್ ಕಂಡದ್ದು: ಮುರಿದ ಪಕ್ಕೆಲುಬು, ಗಾಯದಿಂದ ಹೊರಗೆ ಇಣುಕುತ್ತಿದ್ದ ಶ್ವಾಸಕೋಶದ ಒಂದು ಉಂಡೆ, ಅದರ ಕೆಳಗೆ ಹರಿದ ಜಠರ, ಆ ಹರಕಿನಿಂದ ಸುರಿಯುತ್ತಿದ್ದ ಬೆಳಗಿನ ತಿಂಡಿ. ಹುಡುಗ ಉಳಿಯುವುದಿಲ್ಲ ಎಂದೇ ವೈದ್ಯ ಅಂದುಕೊಂಡ.

ಹುಡುಗ ಉಳಿದ. ಮೊದಲ ಹದಿನೇಳು ದಿನ ತಿಂದದ್ದೆಲ್ಲ ತೂತಿನಿಂದ ಹೊರಗೆ ಬರುತ್ತಿತ್ತು. ಗುದದ್ವಾರದಿಂದ ಪೋಷಕ ದ್ರವ ಏರಿಸಿ ಅವನನ್ನು ಜೀವಂತ ಇಟ್ಟರು. ಆಮೇಲೆ ಪಟ್ಟಿ ಬಿಗಿದು ತೂತು ಮುಚ್ಚಿದರೆ ಅನ್ನ ಒಳಗೆ ನಿಲ್ಲತೊಡಗಿತು. ಮೂಳೆ ಕೂಡಿತು, ಶ್ವಾಸಕೋಶ ಒಳಸರಿಯಿತು. ತೂತು ಮಾತ್ರ ಮುಚ್ಚಿಕೊಳ್ಳಲಿಲ್ಲ. ಹರಿದ ಜಠರದ ಅಂಚು ಪಕ್ಕೆಯ ಮಾಂಸಕ್ಕೆ ಅಂಟಿಕೊಂಡು, ಸುತ್ತ ಗಾಯ ಮಾಯ್ದು, ನಡುವೆ ಒಂದು ಶಾಶ್ವತ ಬಾಗಿಲು ಉಳಿದುಬಿಟ್ಟಿತು. ಒಂದೂವರೆ ವರ್ಷದ ಹೊತ್ತಿಗೆ ಜಠರದ ಒಳಪದರವೇ ಮಡಿಚಿ ಬಂದು ಆ ಬಾಗಿಲಿಗೆ ಒಂದು ಮುಚ್ಚಳ ಬೆಳೆಯಿತು. ಬೆರಳಿನಿಂದ ಒತ್ತಿದರೆ ಅದು ಒಳಕ್ಕೆ ಸರಿಯುತ್ತಿತ್ತು. ಈ ನಡುವೆ ದುಡಿಯಲಾಗದ ಅಲೆಕ್ಸಿಸ್‌ನನ್ನು ಸಾಕಿ ಸಾಕಾದ ಊರಿನ ಅಧಿಕಾರಿಗಳು ದೋಣಿ ಹತ್ತಿಸಿ ದೂರದ ಮಾಂಟ್ರಿಯಾಲ್‌ಗೆ ಸಾಗಹಾಕಲು ಹೊರಟರು. ಆ ಪ್ರಯಾಣದಲ್ಲಿ ಅವನು ಸಾಯುತ್ತಾನೆ ಎಂದು ಬೋಮಾಂಟ್ ತಡೆದ, ತನ್ನ ಮನೆಗೇ ಕರೆದುಕೊಂಡು ಹೋದ. ಅದು ದೊಡ್ಡ ಮನಸ್ಸೇ. ಆ ತೂತಿನ ಬೆಲೆ ಅವನಿಗೆ ಗೊತ್ತಾದದ್ದು ಆಮೇಲೆ.

ಜೀರ್ಣ ಎಂದರೇನು ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಜಠರ ಬೀಸುವ ಕಲ್ಲು ಎಂದರು ಕೆಲವರು. ಹಿಟ್ಟು ಹುದುಗುವ ಪಾತ್ರೆ ಎಂದರು ಹಲವರು. ಮೈಯ ಕಾವಿನಲ್ಲಿ ಅನ್ನ ಬೇಯುತ್ತದೆ, ಅದು ಒಲೆಯ ಮೇಲಿನ ಮಡಕೆ ಎಂದು ಮತ್ತೆ ಕೆಲವರ ವಾದ. ನಮ್ಮಲ್ಲಿ ಜಠರಾಗ್ನಿ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆಯಲ್ಲ. ಮಗುವಿಗೆ ಉಣಿಸಿ ಹೊಟ್ಟೆ ಸವರುತ್ತ ವಾತಾಪಿಯ ಹೆಸರು ಹೇಳುವ ಅಜ್ಜಿಯರಿಗೂ ಅಲ್ಲಿ ಏನೋ ಕರಗಿ ಹೋಗುತ್ತದೆ ಎಂಬುದು ಗೊತ್ತು. ಹೇಗೆ ಕರಗುತ್ತದೆ, ಯಾವುದರಿಂದ ಕರಗುತ್ತದೆ ಎನ್ನುವುದು ಕಣ್ಣಿಗೆ ಕಾಣದ ವಿಷಯವಾಗಿತ್ತು. ಫ್ರಾನ್ಸಿನ ರೆಯಮ್ಯೂರ್ 1752ರಲ್ಲಿ ತಾನು ಸಾಕಿದ್ದ ಹದ್ದಿಗೆ ತೂತುಗಳಿದ್ದ ಲೋಹದ ಕೊಳವೆಯೊಳಗೆ ಮಾಂಸವಿಟ್ಟು ನುಂಗಿಸಿದ್ದ. ಹದ್ದು ಕೊಳವೆಯನ್ನು ಕಕ್ಕಿದಾಗ ಮಾಂಸ ಕರಗಿತ್ತು, ಕೊಳವೆ ನೆಗ್ಗಿರಲಿಲ್ಲ. ಬೀಸುವ ಕಲ್ಲಿನ ವಾದ ಅಲ್ಲೇ ಬಿರುಕು ಬಿಟ್ಟಿತು. ಇಟಲಿಯ ಸ್ಪಾಲಂಜಾನಿ ಬಟ್ಟೆಯ ಚೀಲದಲ್ಲಿ ಆಹಾರ ಕಟ್ಟಿ ತಾನೇ ನುಂಗಿದ. ಲಂಡನ್ನಿನ ವಿಲಿಯಂ ಪ್ರೌಟ್ 1820ರ ದಶಕದಲ್ಲಿ ಪ್ರಾಣಿಗಳ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ ಎಂದು ತೋರಿಸಿದ. ಇಷ್ಟೆಲ್ಲ ಆದರೂ ಬದುಕಿರುವ ಮನುಷ್ಯನ ಜಠರ ಕೆಲಸ ಮಾಡುವುದನ್ನು ಕೂತು ನೋಡುವ ಅವಕಾಶ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಕಾಲೇಜಿನ ಮೆಟ್ಟಿಲು ಹತ್ತದೆ, ಇನ್ನೊಬ್ಬ ವೈದ್ಯರ ಬಳಿ ಶಿಷ್ಯನಾಗಿ ವಿದ್ಯೆ ಕಲಿತ ಗಡಿನಾಡಿನ ಸೈನ್ಯದ ವೈದ್ಯನಿಗೆ.

ಬೋಮಾಂಟನ ದೊಡ್ಡ ಗುಣ ತಾಳ್ಮೆ. ಅಲೆಕ್ಸಿಸ್‌ನನ್ನು ಮಲಗಿಸಿ ಮುಚ್ಚಳ ಸರಿಸಿದರೆ ಐದಾರು ಅಂಗುಲ ಒಳಗಿನವರೆಗೂ ಕಾಣುತ್ತಿತ್ತು. ಆರೋಗ್ಯವಾಗಿದ್ದಾಗ ಒಳಗೋಡೆ ತಿಳಿಗುಲಾಬಿ ಬಣ್ಣದ ಮಕಮಲ್ಲಿನಂತೆ. ಖಾಲಿ ಹೊಟ್ಟೆಯಲ್ಲಿ ಆ ಗೋಡೆಗೆ ಬೋಮಾಂಟ್ ತನ್ನ ನಾಲಿಗೆಯನ್ನೇ ತಾಗಿಸಿ ನೋಡಿದ, ಹುಳಿ ಇರಲಿಲ್ಲ. ಅನ್ನದ ಅಗುಳೊಂದು ತಗುಲಿತೋ, ಗೋಡೆಯ ಮೇಲೆ ಸಣ್ಣ ಸಣ್ಣ ಮೊನೆಗಳೆದ್ದು ಅವುಗಳ ತುದಿಯಲ್ಲಿ ತಿಳಿನೀರಿನಂಥ ಹನಿಗಳು ಮೂಡುತ್ತಿದ್ದವು. ಆಗ ನಾಲಿಗೆಗೆ ಹುಳಿ. ಹಸಿದಿದ್ದಾಗ ಜಠರದಲ್ಲಿ ರಸ ತುಂಬಿ ನಿಂತಿರುತ್ತದೆ ಎಂಬ ನಂಬಿಕೆ ಹೀಗೆ ಒಂದು ನಾಲಿಗೆಯ ತುದಿಯಲ್ಲಿ ಕರಗಿತು.

ಅದೇ 1825ರ ಆಗಸ್ಟ್ 7ರ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಅಲೆಕ್ಸಿಸ್ ಹದಿನೇಳು ಗಂಟೆ ಉಪವಾಸವಿದ್ದ. ಥರ್ಮಾಮೀಟರನ್ನು ತೂತಿನೊಳಗೆ ಇಟ್ಟರೆ ಕಾಲು ಗಂಟೆಯಲ್ಲಿ ಪಾದರಸ 100 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿತು. ರಬ್ಬರ್ ನಳಿಕೆ ಇಳಿಸಿ, ಅದು ತಾಗಿ ಒಸರಿದ ಒಂದು ಔನ್ಸ್ ಜಠರರಸ ಬಸಿದು ಸೀಸೆಗೆ ತುಂಬಿದ. ಕಿರುಬೆರಳಿನಷ್ಟು ಬೇಯಿಸಿದ ಮಾಂಸ ಅದರಲ್ಲಿ ಹಾಕಿ, ಬಿರಡೆ ಬಿಗಿದು, ಅಷ್ಟೇ ಬಿಸಿಯಿದ್ದ ನೀರಿನ ಪಾತ್ರೆಯಲ್ಲಿ ಇಟ್ಟ. ಅಂಥದೇ ಇನ್ನೊಂದು ತುಂಡನ್ನು ದಾರ ಕಟ್ಟಿ ಹೊಟ್ಟೆಗೆ ಬಿಟ್ಟ. ನಲವತ್ತು ನಿಮಿಷಕ್ಕೆ ಸೀಸೆಯ ಮಾಂಸದ ಮೇಲ್ಮೈ ಸಡಿಲವಾಯಿತು. ಗಂಟೆ ಕಳೆಯುವ ಹೊತ್ತಿಗೆ ದ್ರವ ಕದಡಿ, ಎಳೆಗಳು ಬಿಟ್ಟುಕೊಂಡವು. ಹೊಟ್ಟೆಯೊಳಗಿನ ತುಂಡು ಎರಡು ಗಂಟೆಯಲ್ಲಿ ಮಾಯ. ಸೀಸೆಯದು ರಾತ್ರಿ ಒಂಬತ್ತರವರೆಗೆ ಹಿಡಿಯಿತು, ಆದರೆ ಅದೂ ಪೂರ್ತಿ ಕರಗಿತು. ಬೀಸುವ ಸ್ನಾಯು ಇಲ್ಲ, ಪ್ರಾಣಶಕ್ತಿ ಇಲ್ಲ, ಮನುಷ್ಯನೇ ಇಲ್ಲ. ಗಾಜಿನ ಸೀಸೆಯಲ್ಲಿ ಒಂದು ಜೀರ್ಣಕ್ರಿಯೆ ನಡೆದುಹೋಯಿತು. ಜಠರರಸ ರಾಸಾಯನಿಕವಾಗಿ ಕೆಲಸ ಮಾಡುತ್ತದೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ. ಮುಂದೆ ಅದೇ ರಸವನ್ನು ಚಳಿಯಲ್ಲಿ ಇಟ್ಟೂ ನೋಡಿದ. ತಣ್ಣಗಿರುವಷ್ಟು ಹೊತ್ತು ಅದು ಸುಮ್ಮನಿತ್ತು, ಕಾವು ತಾಗಿಸಿದೊಡನೆ ಮಾಂಸವನ್ನು ಕರಗಿಸತೊಡಗಿತು. ಒಲೆಯ ವಾದ ಮಾಡಿದವರ ಮಾತಿನಲ್ಲಿಯೂ ಒಂದು ಪಾಲು ನಿಜವಿತ್ತು: ಕಾವು ಬೇಕು, ಆದರೆ ಕಾವೊಂದೇ ಸಾಲದು.

ಇದಾದ ಸ್ವಲ್ಪ ಸಮಯಕ್ಕೆ ಅಲೆಕ್ಸಿಸ್ ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ. ತನ್ನನ್ನು ಬದುಕಿಸಿದವನಿಗೆ ಕೃತಘ್ನನಾದ ಎಂದು ಇದನ್ನು ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಉಪವಾಸ ಕೂರು ಎಂದರೆ ಕೂರಬೇಕು, ದಾರ ಎಳೆಯುವಾಗ ಅಲುಗಾಡಬಾರದು, ರಸ ಬಸಿಯುವಾಗ ಒಳಗೆ ಏನೋ ಕುಸಿದಂತಾಗಿ ತಲೆ ಸುತ್ತಿದರೂ ಸಹಿಸಬೇಕು. ಉಳಿದ ಹೊತ್ತಿನಲ್ಲಿ ಸೌದೆ ಸೀಳಬೇಕು, ಮನೆಗೆಲಸ ಮಾಡಬೇಕು. ಇಪ್ಪತ್ತು ದಾಟಿದ ಹುಡುಗ ಓಡದೆ ಇನ್ನೇನು ಮಾಡುತ್ತಾನೆ? ಊರಿಗೆ ಹೋಗಿ ಮದುವೆಯಾದ, ಎರಡು ಮಕ್ಕಳಾದವು, ಮತ್ತೆ ತುಪ್ಪಳದ ದೋಣಿಗೆ ಕೂಲಿ ಹೋದ. ಪಕ್ಕೆಯಲ್ಲಿ ತೂತು ಇಟ್ಟುಕೊಂಡೇ.

ಬೋಮಾಂಟ್ ತುಪ್ಪಳದ ಕಂಪನಿಯವರ ಮೂಲಕ ಅವನನ್ನು ಪತ್ತೆ ಹಚ್ಚಿಸಿ, ಖರ್ಚು ಕೊಟ್ಟು 1829ರಲ್ಲಿ ಸಂಸಾರ ಸಮೇತ ಮಿಸಿಸಿಪಿ ದಂಡೆಯ ಫೋರ್ಟ್ ಕ್ರಾಫರ್ಡ್‌ಗೆ ಕರೆಸಿಕೊಂಡ. ಎರಡು ವರ್ಷ ಪ್ರಯೋಗ ನಡೆಯಿತು. 1831ರಲ್ಲಿ ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲಿ ನದಿ ಸರೋವರಗಳನ್ನು ದಾಟಿ ಅಲೆಕ್ಸಿಸ್ ಊರಿಗೆ ಮರಳಿದ. 1832ರಲ್ಲಿ ಮತ್ತೆ ಬಂದಾಗ ವೈದ್ಯ ಕರಾರುಪತ್ರ ಬರೆಸಿದ: ಒಂದು ವರ್ಷ ವೈದ್ಯ ಹೇಳಿದಲ್ಲಿಗೆ ಬರಬೇಕು, ಹೇಳಿದ ಪ್ರಯೋಗಕ್ಕೆಲ್ಲ ಹೊಟ್ಟೆ ಒಡ್ಡಬೇಕು; ಅದಕ್ಕೆ ಊಟ, ಬಟ್ಟೆ, ವಸತಿಯ ಜೊತೆಗೆ 150 ಡಾಲರ್. ಓದುಬರಹ ಬಾರದ ಅಲೆಕ್ಸಿಸ್ ಅದಕ್ಕೆ ತನ್ನ ಗುರುತು ಹಾಕಿದ. ಹೊಟ್ಟೆಪಾಡು ಎಂದು ನಾವು ದಿನಕ್ಕೆ ಹತ್ತು ಸಲ ಆಡುವ ಮಾತು ಇವನಷ್ಟು ಅಕ್ಷರಶಃ ಬದುಕಿದವರು ಇನ್ನೊಬ್ಬರಿಲ್ಲ.

ಆ ವರ್ಷಗಳಲ್ಲಿ ಕಂಡದ್ದು ಬರೀ ಕರಗುವಿಕೆಯಲ್ಲ. ಅಲೆಕ್ಸಿಸ್ ಸಿಟ್ಟಿಗೆದ್ದ ದಿನ ಜಠರಕ್ಕೆ ಪಿತ್ತ ಉಕ್ಕಿ ಬರುತ್ತಿತ್ತು, ಜೀರ್ಣ ನಿಧಾನವಾಗುತ್ತಿತ್ತು. ಜ್ವರ ಬಂದಾಗ ಮಕಮಲ್ಲು ಒಣಗಿ ಕೆಂಪಾಗುತ್ತಿತ್ತು, ಅನ್ನ ತಗುಲಿದರೂ ಹನಿ ಮೂಡುತ್ತಿರಲಿಲ್ಲ. ಒಮ್ಮೆ ಎಂಟು ಹತ್ತು ದಿನ ಅವನು ಹೆಂಡ ಕುಡಿದಾಗ ಒಳಗೋಡೆಯ ಮೇಲೆ ಕೆಂಪು ಮಚ್ಚೆ, ಹುಣ್ಣು. ಆದರೆ ಕೇಳಿದರೆ ನೋವೇ ಇಲ್ಲ ಎನ್ನುತ್ತಿದ್ದ. ಹೊಟ್ಟೆ ಹಾಳಾಗುತ್ತಿದ್ದರೂ ಮನುಷ್ಯನಿಗೆ ತಿಳಿಯದೆ ಇರಬಹುದು ಎಂಬುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಯಾವ ಆಹಾರ ಎಷ್ಟು ಹೊತ್ತಿಗೆ ಜಠರ ದಾಟುತ್ತದೆ ಎಂದು ಬೋಮಾಂಟ್ ಪಟ್ಟಿಯನ್ನೇ ಮಾಡಿದ. ಬೇಯಿಸಿದ ಅಕ್ಕಿಗೆ ಒಂದು ಗಂಟೆ, ಗಟ್ಟಿ ಬೇಯಿಸಿದ ಮೊಟ್ಟೆಗೆ ಮೂರೂವರೆ, ಸುಟ್ಟ ಹಂದಿಮಾಂಸಕ್ಕೆ ಐದೂಕಾಲು. ರಸವನ್ನು ಸೀಸೆಗಳಲ್ಲಿ ತುಂಬಿ ಪರೀಕ್ಷೆಗೆಂದು ವರ್ಜೀನಿಯಾದ ಪ್ರೊಫೆಸರ್ ಡಂಗ್ಲಿಸನ್‌ಗೂ ಯೇಲ್‌ನ ಪ್ರೊಫೆಸರ್ ಸಿಲಿಮನ್‌ಗೂ ಕಳಿಸಿದ. ಹೈಡ್ರೋಕ್ಲೋರಿಕ್ ಆಮ್ಲ ಇದೆ ಎಂದು ಅವರು ಹೇಳಿದರು. ಆಮ್ಲವೊಂದರಿಂದಲೇ ಇಷ್ಟೆಲ್ಲ ಆಗುವುದಿಲ್ಲ, ರಸದಲ್ಲಿ ಇನ್ನೂ ಏನೋ ಇದೆ ಎಂಬ ಅನುಮಾನ ಉಳಿಯಿತು. 1836ರಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನ್ ಆ ವಸ್ತುವನ್ನು ಹಿಡಿದು ಪೆಪ್ಸಿನ್ ಎಂದು ಕರೆದ.

ಇದನ್ನೆಲ್ಲ ಬರೆದಿಟ್ಟ ಬೋಮಾಂಟನ ಪುಸ್ತಕ 1833ರಲ್ಲಿ ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್‌ನಲ್ಲಿ ಅಚ್ಚಾಯಿತು, ಇನ್ನೂರಕ್ಕೂ ಹೆಚ್ಚು ಪ್ರಯೋಗಗಳ ದಿನಚರಿ. ಅದರಲ್ಲಿ ತಪ್ಪುಗಳೂ ಇವೆ. ಅನ್ನವೋ ಬೇರೇನೋ ಗೋಡೆಗೆ ತಾಗಿದರೆ ಮಾತ್ರ ರಸ ಒಸರುತ್ತದೆ ಎಂದು ಬೋಮಾಂಟ್ ತಿಳಿದಿದ್ದ. ಮುಂದೆ ರಷ್ಯಾದ ಪಾವ್ಲೋವ್, ನಾಯಿಗಳ ಹೊಟ್ಟೆಗೆ ಅಂಥದೇ ತೂತು ಮಾಡಿ, ಊಟ ಕಣ್ಣಿಗೆ ಬಿದ್ದರೆ ಸಾಕು, ನರಗಳ ಮೂಲಕ ಸುದ್ದಿ ಮುಟ್ಟಿ ಜಠರ ಒಸರಲು ತೊಡಗುತ್ತದೆ ಎಂದು ತೋರಿಸಿ 1904ರ ನೊಬೆಲ್ ಪಡೆದ. ಒಗ್ಗರಣೆಯ ಘಮ ಬಂದೊಡನೆ ಹೊಟ್ಟೆ ಚುರುಗುಟ್ಟುವುದನ್ನು ಬಲ್ಲವರಿಗೆ ಇದು ಅಚ್ಚರಿಯೇನಲ್ಲ. ಅಲೆಕ್ಸಿಸ್‌ನ ಸಿಟ್ಟಿನ ದಿನಗಳನ್ನು ಬರೆದಿಟ್ಟಾಗ ಬೋಮಾಂಟ್ ಅದೇ ದಾರಿಯ ಹೊಸ್ತಿಲಲ್ಲಿ ನಿಂತಿದ್ದ. ಮಿದುಳಿಗೂ ಜಠರಕ್ಕೂ ಮಾತುಕತೆ ಇದೆ ಎಂಬುದು ಅವನ ಕಣ್ಣೆದುರೇ ಇತ್ತು.

1834ರಲ್ಲಿ ಊರಿಗೆ ಹೋದ ಅಲೆಕ್ಸಿಸ್ ಮತ್ತೆ ಬೋಮಾಂಟನ ಬಳಿಗೆ ಬರಲಿಲ್ಲ. ಹದಿನೆಂಟು ವರ್ಷ ವೈದ್ಯನ ಕಾಗದಗಳು ಬರುತ್ತಲೇ ಇದ್ದವು, ಹಣದ ಮಾತು ಏರುತ್ತಲೇ ಇತ್ತು. ಹೆಂಡತಿ ಮಕ್ಕಳನ್ನು ಬಿಟ್ಟು ಬಾ ಎಂದು ಇವನು, ಬಿಟ್ಟು ಬರಲಾರೆ ಎಂದು ಅವನು. 1853ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹಿಮ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದ ಬೋಮಾಂಟ್ ಚೇತರಿಸಿಕೊಳ್ಳದೆ ತೀರಿಕೊಂಡ. ಅಲೆಕ್ಸಿಸ್ ಅವನಿಗಿಂತ ಇಪ್ಪತ್ತೇಳು ವರ್ಷ ಹೆಚ್ಚು ಬದುಕಿದ. ಕೋವಿ ಹಾರಿದ ಮೇಲೆ ಒಟ್ಟು ಐವತ್ತೆಂಟು ವರ್ಷ.

ಅವನು ಸತ್ತದ್ದು 1880ರ ಜೂನ್‌ನಲ್ಲಿ, ಕ್ವಿಬೆಕ್‌ನ ಒಂದು ಹಳ್ಳಿಯಲ್ಲಿ. ಆಗ ಮಾಂಟ್ರಿಯಾಲ್‌ನಲ್ಲಿದ್ದ ಖ್ಯಾತ ವೈದ್ಯ ವಿಲಿಯಂ ಆಸ್ಲರ್ ಶವಪರೀಕ್ಷೆ ನಡೆಸಿ, ಆ ಜಠರವನ್ನು ವಾಷಿಂಗ್ಟನ್ನಿನ ಸೈನ್ಯದ ವೈದ್ಯಕೀಯ ಸಂಗ್ರಹಾಲಯಕ್ಕೆ ಸೇರಿಸಬೇಕೆಂದು ಆಸೆಪಟ್ಟಿದ್ದ. ಶವಕ್ಕೆ ಕೈ ಹಚ್ಚಲು ಬಂದರೆ ಜೀವ ಉಳಿಯುವುದಿಲ್ಲ ಎಂದು ಊರಿನಿಂದ ತಂತಿ ಹೋಯಿತು. ವೈದ್ಯರು ಬಂದರೂ ಏನೂ ಸಿಗಬಾರದೆಂದು ಮನೆಯವರು ಬೇಸಿಗೆಯ ಬಿಸಿಯಲ್ಲಿ ನಾಲ್ಕು ದಿನ ಹೆಣವನ್ನು ಮನೆಯಲ್ಲೇ ಇಟ್ಟುಕೊಂಡರು. ವಾಸನೆ ತಡೆಯಲಾರದೆ ಪ್ರಾರ್ಥನೆಯ ಹೊತ್ತಿನಲ್ಲಿ ಶವಪೆಟ್ಟಿಗೆಯನ್ನು ಚರ್ಚಿನ ಹೊರಗೇ ಬಿಡಬೇಕಾಯಿತು. ಆಮೇಲೆ ಎಂಟಡಿ ಆಳದ ಗುಂಡಿ ತೋಡಿ ಇಳಿಸಿ, ಮಣ್ಣು ಮುಚ್ಚಿದರು.