ಪಾಸ್‌ಬುಕ್ ಇಲ್ಲದ ಲೆಡ್ಜರ್

ಮಕ್ಕಳೇ, ನಿನ್ನೆ ಅಪ್ಪ ಕಾರು ಓಡಿಸುವಾಗ ಎಷ್ಟು ಸಲ ಗಕ್ಕನೆ ಬ್ರೇಕ್ ಹಾಕಿದರು? ರಾತ್ರಿ ಎಷ್ಟು ಗಂಟೆಗೆ ಹೊರಟು ಎಷ್ಟು ಗಂಟೆಗೆ ಮನೆ ಸೇರಿದರು? ‘ಅದನ್ನೆಲ್ಲ ಯಾರು ಬರೆದಿಡುತ್ತಾರೆ ಅಜ್ಜ!’ ಎಂದು ನೀವು ನಗಬಹುದು. ಅಮೆರಿಕದಲ್ಲಿ ಲಕ್ಷಾಂತರ ಕಾರುಗಳ ಇಂಥ ಲೆಕ್ಕವನ್ನು ಬರೆದಿಟ್ಟಿದ್ದರು. ಬರೆದದ್ದು ಮನುಷ್ಯನಲ್ಲ, ಕಾರೇ. ಓದಿದ್ದು ಮಾತ್ರ ವಿಮಾ ಕಂಪನಿ.

ವಿಮೆ ಎಂದರೇನೆಂದು ಮೊದಲು ತಿಳಿದುಕೊಳ್ಳಿ. ಸಾವಿರ ಜನ ಕಾರಿನವರು ವರ್ಷಕ್ಕೊಮ್ಮೆ ಒಂದಿಷ್ಟು ಹಣ ಕೊಡುತ್ತಾರೆ. ಅದಕ್ಕೆ ಪ್ರೀಮಿಯಂ ಎನ್ನುತ್ತಾರೆ. ಆ ಸಾವಿರದಲ್ಲಿ ಯಾರೋ ಕೆಲವರ ಕಾರು ಜಖಂ ಆದರೆ ರಿಪೇರಿಯ ಖರ್ಚು ಆ ಗಂಟಿನಿಂದ ಬರುತ್ತದೆ. ಯಾರಿಂದ ಎಷ್ಟು ಪಡೆಯಬೇಕು ಎಂಬುದೇ ಕಂಪನಿಗೆ ತಲೆನೋವು. ನಮ್ಮಲ್ಲಿ ಕಾರಿನ ಬೆಲೆ, ವಯಸ್ಸು, ಊರು ನೋಡುತ್ತಾರೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ಮರುವರ್ಷ ಶೇ. 20 ರಿಯಾಯಿತಿ, ಐದು ವರ್ಷ ಕೇಳದಿದ್ದರೆ ಅದು ಶೇ. 50ರವರೆಗೂ ಹೋಗುತ್ತದೆ. ನೀವು ಎಲ್ಲಿಗೆ ಹೋದಿರಿ, ಹೇಗೆ ಹೋದಿರಿ ಎಂದು ಈ ರಿಯಾಯಿತಿ ಕೇಳುವುದಿಲ್ಲ. ಪರಿಹಾರ ಕೇಳಿದಿರಾ ಇಲ್ಲವಾ, ಅಷ್ಟೇ.

ಆದರೂ ಇದರಲ್ಲಿ ಒಂದು ಅನ್ಯಾಯ ಇದೆ ಎನ್ನುವುದನ್ನು ಹಿರಿಯರು ಒಪ್ಪುತ್ತೀರಿ. ನಮ್ಮಂಥ ನಿವೃತ್ತರ ಕಾರು ವಾರದಲ್ಲಿ ಐದು ದಿನ ಹೊದಿಕೆ ಹೊದ್ದುಕೊಂಡು ನಿಂತಿರುತ್ತದೆ. ದಿನಾ ನೂರು ಕಿಲೋಮೀಟರ್ ಓಡುವ ಕಾರಿಗೂ ಅದಕ್ಕೂ ಒಂದೇ ದರ ಯಾಕೆ? ಅಮೆರಿಕದ ಪ್ರೋಗ್ರೆಸಿವ್ ಎಂಬ ವಿಮಾ ಕಂಪನಿ 1990ರ ದಶಕದ ಕೊನೆಯಲ್ಲೇ ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ ಇದಕ್ಕೊಂದು ಪ್ರಯೋಗ ಮಾಡಿತು. 2004ರಲ್ಲಿ ಮಿನೆಸೋಟಾ ರಾಜ್ಯದಲ್ಲಿ ಇನ್ನೊಂದು. ಆಮೇಲೆ ಬಂದದ್ದು ಸ್ನ್ಯಾಪ್‌ಶಾಟ್ ಎಂಬ ಅಂಗೈಯಗಲದ ಸಾಧನ. 1996ರಿಂದೀಚೆಗೆ ಅಲ್ಲಿ ಮಾರಾಟವಾದ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಎಂಜಿನ್ ಪರೀಕ್ಷಿಸಲು ಒಂದು ಕಿಂಡಿ ಇರುತ್ತದೆ. ಅದಕ್ಕೆ ಈ ಸಾಧನವನ್ನು ಸಿಕ್ಕಿಸಿದರೆ ಸಾಕು. ಎಷ್ಟು ದೂರ, ಯಾವ ಹೊತ್ತು, ಎಷ್ಟು ಸಲ ಜೋರಾಗಿ ಬ್ರೇಕ್ ಎಂದು ಲೆಕ್ಕ ಹಿಡಿಯುತ್ತದೆ. ಒಂದೇ ಸೆಕೆಂಡಿನಲ್ಲಿ ವೇಗ ಗಂಟೆಗೆ ಸುಮಾರು 11 ಕಿಲೋಮೀಟರಿನಷ್ಟು ಇಳಿದರೆ ‘ಬೀಪ್’ ಎಂದು ಕೂಗಿ ಎಚ್ಚರಿಸುತ್ತದೆ. ಚಾಲಕರು ತಾವಾಗಿ ಒಪ್ಪಿ, ರಿಯಾಯಿತಿಯ ಆಸೆಗೆ ಹಾಕಿಸಿಕೊಂಡದ್ದು ಇದು.

ಇಲ್ಲಿ ನನ್ನದೊಂದು ತಕರಾರಿದೆ. ಚೆಂಡಿನ ಹಿಂದೆ ಮಗುವೊಂದು ರಸ್ತೆಗೆ ಓಡಿಬಂತು, ಚಾಲಕ ಬ್ರೇಕ್ ಒತ್ತಿ ಮಗುವನ್ನು ಉಳಿಸಿದ ಎನ್ನಿ. ಸಾಧನ ಏನು ಬರೆಯುತ್ತದೆ? ‘ಜೋರಾಗಿ ಬ್ರೇಕ್, ಒಂದು ಸಲ.’ ಮಗುವಿನ ಸುದ್ದಿಯೇ ಅದರಲ್ಲಿ ಇಲ್ಲ. ನಡುರಾತ್ರಿಯಿಂದ ಬೆಳಗಿನ ನಾಲ್ಕರವರೆಗಿನ ಓಡಾಟವನ್ನು ಅದು ಅಪಾಯದ ಹೊತ್ತು ಎಂದು ಗುರುತಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಆಸ್ಪತ್ರೆಯ ನರ್ಸಮ್ಮ ಆ ಲೆಕ್ಕದಲ್ಲಿ ನಿದ್ದೆಗೆಟ್ಟು ಸುತ್ತುವ ಪುಂಡರ ಸಾಲಿಗೇ ಸೇರುತ್ತಾಳೆ.

ಇಷ್ಟಾದರೂ ಗೊತ್ತಿದ್ದೇ ನಡೆಯುತ್ತಿತ್ತು. ಗೊತ್ತಿಲ್ಲದೆ ನಡೆದದ್ದು 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಬ್ಬ ಚಾಲಕನ ಕಥೆ ಪ್ರಕಟಿಸಿತು. ಆತನ ಕಾರು ಜನರಲ್ ಮೋಟಾರ್ಸ್ ತಯಾರಿಸಿದ ಷೆವರ್ಲೆ ಬೋಲ್ಟ್. 2022ರಲ್ಲಿ ಇದ್ದಕ್ಕಿದ್ದಂತೆ ಅವನ ವಿಮೆ ಶೇ. 21ರಷ್ಟು ಏರಿತು. ತನ್ನಿಂದ ಯಾವ ಅಪಘಾತವೂ ಆಗಿಲ್ಲವಲ್ಲ ಎಂದು ಬೇರೆ ಕಂಪನಿಗಳಲ್ಲಿ ವಿಚಾರಿಸಿದರೆ ಅಲ್ಲೂ ಹೆಚ್ಚೇ. ಕೊನೆಗೆ ಏಜೆಂಟರೊಬ್ಬರು, ಲೆಕ್ಸಿಸ್‌ನೆಕ್ಸಿಸ್ ಎಂಬ ಮಾಹಿತಿ ವ್ಯಾಪಾರದ ಸಂಸ್ಥೆಯ ವರದಿ ಇದಕ್ಕೊಂದು ಕಾರಣ ಎಂದರು. ಆತ ವರದಿ ತರಿಸಿಕೊಂಡ. 258 ಪುಟ! ಅದರಲ್ಲಿ 130ಕ್ಕೂ ಹೆಚ್ಚು ಪುಟಗಳಲ್ಲಿ ಅವನೂ ಹೆಂಡತಿಯೂ ಆರು ತಿಂಗಳಲ್ಲಿ ಮಾಡಿದ 640 ಪ್ರಯಾಣಗಳು. ಹೊರಟ ಸಮಯ, ತಲುಪಿದ ಸಮಯ, ದೂರ, ಅತಿವೇಗ, ಜೋರು ಬ್ರೇಕ್. ಎಲ್ಲಿಗೆ ಹೋದರೆಂಬುದೊಂದು ಇರಲಿಲ್ಲ.

ಜನರಲ್ ಮೋಟಾರ್ಸ್‌ನ ಆನ್‌ಸ್ಟಾರ್ ಸೇವೆಯಲ್ಲಿ ‘ಸ್ಮಾರ್ಟ್ ಡ್ರೈವರ್’ ಎಂಬ ಸೌಲಭ್ಯವಿತ್ತು. ನಿಮ್ಮ ಚಾಲನೆ ಸುಧಾರಿಸಿಕೊಳ್ಳಿ ಎಂಬುದು ಅದರ ಮುಖ. ಬೆನ್ನ ಹಿಂದೆ ಆ ಮಾಹಿತಿ ಲೆಕ್ಸಿಸ್‌ನೆಕ್ಸಿಸ್ ಮತ್ತು ವೆರಿಸ್ಕ್ ಸಂಸ್ಥೆಗಳಿಗೆ, ಅಲ್ಲಿಂದ ವಿಮಾ ಕಂಪನಿಗಳಿಗೆ ಹೋಗುತ್ತಿತ್ತು. ತಾವು ಇದಕ್ಕೆ ಸೇರಿದ್ದೇವೆ ಎಂಬುದೇ ಎಷ್ಟೋ ಜನರಿಗೆ ತಿಳಿದಿರಲಿಲ್ಲ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದನ್ನು ಓದಿ ಸುಮ್ಮನಿರಲು ಆಗುವುದಿಲ್ಲ. 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಯ ಪ್ರಕಾರ ನಾವು ಕೆಲಸಕ್ಕೆ ಕೂರುವ ಮೊದಲೇ ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆಗೆ ಸಹಿ ಹಾಕಬೇಕಿತ್ತು. ಊರ ಪೇಟೆಯಲ್ಲಿ ಸಿಕ್ಕವರು ‘ಅವರ ಖಾತೆಯಲ್ಲಿ ಎಷ್ಟುಂಟು ಮಾರಾಯ್ರೇ?’ ಎಂದರೆ ನಕ್ಕು ಮುಂದೆ ಹೋಗುತ್ತಿದ್ದೆವು. ಲೆಡ್ಜರ್ ನಮ್ಮ ಕೈಯಲ್ಲಿದ್ದರೂ ಅದರ ನಕಲು ಪಾಸ್‌ಬುಕ್ಕಾಗಿ ಗ್ರಾಹಕರ ಕೈಯಲ್ಲಿರುತ್ತಿತ್ತು. ಹತ್ತು ರೂಪಾಯಿ ವ್ಯತ್ಯಾಸವಾದರೂ ಮರುದಿನ ಬೆಳಿಗ್ಗೆ ಕೌಂಟರಿಗೆ ಬಂದು ಕೇಳುತ್ತಿದ್ದರು, ಕೇಳಲೇಬೇಕು. ಆ ಅಮೆರಿಕದವನಿಗೂ ಕಾನೂನು ಪ್ರಕಾರ ವರದಿ ಕೇಳುವ ಹಕ್ಕಿತ್ತು ನಿಜ. ಆದರೆ ಯಾವ ಬ್ಯಾಂಕಿನಲ್ಲಿ ತನ್ನ ಹೆಸರಿನ ಖಾತೆ ಇದೆ ಎಂದೇ ಗೊತ್ತಿಲ್ಲದವನು ಪಾಸ್‌ಬುಕ್ ಕೇಳುವುದು ಯಾರನ್ನು?

ವಿಮಾನದ ಕಪ್ಪು ಪೆಟ್ಟಿಗೆಯ ಹಾಗೆ ಕಾರಿನಲ್ಲೂ ಒಂದು ಇರುತ್ತದೆ. ಡಿಕ್ಕಿಯ ಹಿಂದಿನ ಕೆಲವೇ ಸೆಕೆಂಡುಗಳ ವೇಗ, ಬ್ರೇಕ್, ಸೀಟ್ ಬೆಲ್ಟ್ ವಿವರವನ್ನು ಅದು ಹಿಡಿದಿಡುತ್ತದೆ. ಅದರ ಮಾಹಿತಿ ಕಾರಿನ ಮಾಲೀಕರದ್ದೇ ಎಂದು ಅಮೆರಿಕ 2015ರಲ್ಲಿ ಕಾನೂನು ಮಾಡಿತು. ಮುಂಬಾಗಿಲಿಗೆ ಬೀಗ ಬಿತ್ತು. ಹಿತ್ತಿಲ ಬಾಗಿಲಿನಿಂದ ಮೊಬೈಲ್ ಸಿಗ್ನಲ್ ಮೇಲೆ ತಿಂಗಳುಗಟ್ಟಲೆ ಲೆಕ್ಕ ಹೊರಟುಹೋಯಿತು!

ಸುದ್ದಿ ಬಂದ ಕೆಲವೇ ದಿನಗಳಲ್ಲಿ ಜನರಲ್ ಮೋಟಾರ್ಸ್ ಆ ಎರಡು ಸಂಸ್ಥೆಗಳಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಟೆಕ್ಸಾಸ್ ರಾಜ್ಯ ದಾವೆ ಹೂಡಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಕೆಲವು ಮಾಹಿತಿಯನ್ನು ಮೂರು ಸೆಕೆಂಡಿಗೊಮ್ಮೆ ಸಂಗ್ರಹಿಸಲಾಗುತ್ತಿತ್ತು ಎಂದು ಆರೋಪಿಸಿತು. ಐದು ವರ್ಷ ಇಂಥ ವರದಿ ಸಂಸ್ಥೆಗಳಿಗೆ ಚಾಲಕರ ಮಾಹಿತಿ ಕೊಡಕೂಡದು ಎಂಬ ಕಟ್ಟಳೆಯನ್ನೂ ಮುಂದಿಟ್ಟಿತು.

ಅಮೆರಿಕದ ಗೊಡವೆ ನಮಗೇಕೆ ಎನ್ನುವಿರಾ? ಮಗನೋ ಮಗಳೋ ಅಲ್ಲಿ ಕಾರು ಓಡಿಸುತ್ತಿರುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಅದಿರಲಿ, 2022ರ ಜುಲೈನಲ್ಲಿ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವೂ ‘ಓಡಿಸಿದಷ್ಟಕ್ಕೆ ಹಣ’, ‘ಓಡಿಸಿದ ರೀತಿಗೆ ಹಣ’ ಎಂಬ ಎರಡು ಬಗೆಗೆ ಅನುಮತಿ ಕೊಟ್ಟಿದೆ. ಮೊದಲನೆಯದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಕರೆಂಟ್ ಮೀಟರಿನ ಹಾಗೆ. ಬಿಲ್ ಬರೆಯುವವರು ಯೂನಿಟ್ ನೋಡುತ್ತಾರೆ, ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ದೀಪ ಹಚ್ಚಿದಿರಿ ಎಂದು ನೋಡುವುದಿಲ್ಲ. ಕಾರಿನ ಕಿಲೋಮೀಟರ್ ಮೀಟರ್ ಅಷ್ಟೇ ಸಾಕು. ಎರಡನೆಯದಕ್ಕೆ ಮಾತ್ರ ಕೋಣೆಯೊಳಗೂ ಇಣುಕಬೇಕು.

ಇಣುಕುವ ಕಣ್ಣಿನ ವಿಷಯದಲ್ಲಿ ನಮ್ಮ ರಾಜ್ಯದ ಹಿರಿಯರೊಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದರು. ಮುಂದೆ 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆ ಮಾಡಿತು. ಮಾಹಿತಿ ಪಡೆಯುವವರು ಯಾತಕ್ಕೆಂದು ಹೇಳಿ ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯಲೂ ಬಿಡಬೇಕು ಎಂಬುದು ಅದರಲ್ಲಿದೆ. 18 ತುಂಬದ ಮಕ್ಕಳ ಬೆನ್ನು ಹತ್ತಿ ಅವರ ನಡವಳಿಕೆ ಗಮನಿಸುವುದಕ್ಕೂ ತಡೆಯಿದೆ.

ಹಿರಿಯರೇ, ಈ ಸಲ ಕಾರಿನ ವಿಮೆ ನವೀಕರಿಸುವಾಗ ‘ಸರ್, ಇದನ್ನು ಸೇರಿಸಿದರೆ ರಿಯಾಯಿತಿ ಉಂಟು’ ಎಂದು ಏಜೆಂಟರು ಹೇಳಿದರೆ, ಅಳೆಯುವುದು ದೂರವನ್ನೋ ಓಡಿಸುವ ರೀತಿಯನ್ನೋ ಎಂದು ಕೇಳಿ. ಲೆಕ್ಕ ಯಾರ ಬಳಿ ಇರುತ್ತದೆ, ಬೇರೆ ಯಾರಿಗೆ ಹೋಗುತ್ತದೆ, ನಮಗೆ ತೋರಿಸುತ್ತಾರೆಯೇ, ಬೇಡವೆಂದರೆ ಅಳಿಸುತ್ತಾರೆಯೇ? ಉತ್ತರ ಕಾಗದದಲ್ಲೇ ಇರಲಿ. ಅದರ ಸಣ್ಣ ಅಕ್ಷರ ಅಜ್ಜನ ಕನ್ನಡಕಕ್ಕೆ ನಿಲುಕದಿದ್ದರೆ, ಮಕ್ಕಳೇ, ನೀವು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿ. ಅಲ್ಲಿಯವರೆಗೆ ಸಹಿ ಬೇಡ.