ಪಾಠ ಹೇಳಿ ಅಭ್ಯಾಸವಿಲ್ಲದವರ ಅರ್ಜಿ

ಪದವಿ ಪಡೆದು ಮನೆವಾರ್ತೆಯಲ್ಲಿ ತೊಡಗಿರುವ ನಮ್ಮ ಸೋದರಿಯರಲ್ಲಿ ಅನೇಕರು ಉಪಾಧ್ಯಾಯ ವೃತ್ತಿಯನ್ನು ಬಯಸಿಯೂ, ಒಂದು ದಿನವಾದರೂ ಕರಿಹಲಗೆಯ ಮುಂದೆ ನಿಂತವರಲ್ಲವೆಂಬ ಅಳುಕಿನಿಂದ ಬಿ.ಎಡ್. ತರಗತಿಗೆ ಅರ್ಜಿ ಹಾಕದೆಯೇ ಉಳಿಯುತ್ತಾರೆ. ಈ ಅಳುಕಿಗೆ ಆಧಾರವಿಲ್ಲವೆಂದು ನಾವು ಒತ್ತಿ ಹೇಳುತ್ತೇವೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಎರಡು ವರ್ಷದ ಬಿ.ಎಡ್. ಪ್ರವೇಶಕ್ಕೆ ಸಾಮಾನ್ಯವಾಗಿ ಕೇಳಿದುದು ಪದವಿಯಲ್ಲಿ ನೂರಕ್ಕೆ 50 ಅಂಕಗಳನ್ನೇ ಹೊರತು ಬೋಧನೆಯ ಅನುಭವವನ್ನಲ್ಲ. ಮೀಸಲು ವರ್ಗದವರಿಗೆ ರಿಯಾಯಿತಿಯೂ ಉಂಟು. ಅನುಭವವನ್ನು ಕೊಡುವುದು ತರಬೇತಿಯ ಕೆಲಸವಷ್ಟೆ! ಅದಕ್ಕಾಗಿಯೇ ಆ ನಿಯಮಗಳು ಮೊದಲ ವರ್ಷ 4, ಎರಡನೆಯ ವರ್ಷ 16, ಒಟ್ಟು 20 ವಾರಗಳನ್ನು ಶಾಲೆಗಳಲ್ಲಿನ ಅಭ್ಯಾಸಕ್ಕೆ ಗೊತ್ತುಪಡಿಸಿದವು.

ಆದರೂ ಕೈಕಟ್ಟಿ ಕುಳಿತಿರುವುದು ತರವಲ್ಲ. ನೆರೆಯ ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಕೆಲವು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವುದು ಲೇಸು. ಒಂದೇ ಪಾಠವನ್ನು ಚುರುಕಾದ ಮಗುವೂ ನಿಧಾನದ ಮಗುವೂ ಹೇಗೆ ಗ್ರಹಿಸುವರು, ತಪ್ಪು ಉತ್ತರವನ್ನು ಗುರುಗಳು ಹೇಗೆ ತಿದ್ದುವರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಈ ಕೆಲಸ ತಮಗೆ ಒಗ್ಗುವುದೆ ಎಂಬುದು, ಎರಡು ವರ್ಷದ ಕಾಲವನ್ನೂ ಹಣವನ್ನೂ ವ್ಯಯಮಾಡುವ ಮುನ್ನವೇ ತಿಳಿದೀತು.

ಮಾಡದ ಸೇವೆಗೆ ಪ್ರಮಾಣಪತ್ರ ತರುವುದು ಮಾತ್ರ ಸಲ್ಲದು. ಮಕ್ಕಳಿಗೆ ಸತ್ಯವನ್ನು ಕಲಿಸಹೊರಟವರು ಮೊದಲ ಹೆಜ್ಜೆಯನ್ನೇ ಸುಳ್ಳಿನ ಮೇಲೆ ಇಡಬಾರದು.