ಓಟದ ಕಾರಿಗೂ ಬೇಕು ಕೀಲೆಣ್ಣೆ

ಭಾರತ ಹುಣ್ಣಿಮೆ ಹತ್ತಿರ ಬಂದಂತೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ಯರಗಟ್ಟಿಯ ಹಾದಿ ಹಿಡಿಯುತ್ತವೆ. ಮನೆ ಬಿಡುವ ಮುನ್ನ ರೈತ ಮರೆಯದೆ ಮಾಡುವ ಕೆಲಸಗಳು ಎರಡು. ಅಚ್ಚಿಗೆ ಕೀಲೆಣ್ಣೆ ಹಾಕುವುದು ಒಂದು. ಗಾಲಿ ಕಳಚದಂತೆ ತಡೆಯುವ ಕಡೆಗೀಲನ್ನು ತಟ್ಟಿ ನೋಡುವುದು ಇನ್ನೊಂದು. ಎತ್ತುಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಇವೆರಡು ಸರಿಯಿಲ್ಲದಿದ್ದರೆ ಚಕ್ಕಡಿ ಗುಡ್ಡ ಮುಟ್ಟುವುದಿಲ್ಲ.

ಹಳೆಯ ಕಾರನ್ನು ಓಟದ ಪಂದ್ಯಕ್ಕೆ ಸಜ್ಜುಗೊಳಿಸುವವರ ಶಾಸ್ತ್ರವೂ ಇದೇ. ನೋಡುವವರ ಕಣ್ಣೆಲ್ಲ ಎಂಜಿನ್ನಿನ ಮೇಲೆ. ಆದರೆ ಗೆಲುವು, ಸೋಲು, ಕೆಲವೊಮ್ಮೆ ಜೀವವೂ ನಿರ್ಧಾರವಾಗುವುದು ಗಾಲಿಯ ಬಳಿಯಲ್ಲಿ.

ದಕ್ಷಿಣ ಭಾರತದಲ್ಲಿ ಈ ಹವ್ಯಾಸದ ತವರು ಮದ್ರಾಸಿನ ಹೊರವಲಯದ ಶೋಲಾವರಂ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುಹಾದಿಯ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ಅಲ್ಲಿ ಪಂದ್ಯಗಳನ್ನು ನಡೆಸಿತು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ಪಥ ಸಿದ್ಧವಾಗುವವರೆಗೆ ಬೆಂಗಳೂರಿನ ಹವ್ಯಾಸಿಗಳೂ ಅಲ್ಲಿಗೇ ಹೋಗಬೇಕಿತ್ತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರು ಓಡಿಸಿದ್ದು ಆಗ ದೊಡ್ಡ ಸುದ್ದಿ. ಹಾಗೆಂದು ಎಲ್ಲರೂ ಸಿರಿವಂತರಾಗಿರಲಿಲ್ಲ. ಊರಿನಲ್ಲಿ ದಿನಬಳಕೆಗಿದ್ದ ಫಿಯೆಟ್, ಅಂಬಾಸಿಡರ್, ಹೆರಾಲ್ಡ್ ಕಾರುಗಳನ್ನೇ ಅಷ್ಟಿಷ್ಟು ತಿದ್ದಿ ಕಣಕ್ಕಿಳಿಸುವವರು ಬಹಳ ಮಂದಿ.

ಇವುಗಳ ಪೈಕಿ ಹೆರಾಲ್ಡ್ ಕಾರಿನ ಕಥೆ ಕುತೂಹಲಕರವಾದುದು. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1959ರಲ್ಲಿ ಹೊರತಂದ ಈ ಕಾರಿನ ರೂಪ ಇಟಲಿಯ ಮಿಕೆಲೊಟ್ಟಿಯದು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆ ಇದನ್ನು ಇಲ್ಲಿಯೇ ತಯಾರಿಸತೊಡಗಿತು. ಇದೇ ಚಾಸಿಯನ್ನು ಗಿಡ್ಡಗೊಳಿಸಿ ಟ್ರಯಂಫ್ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ರೂಪಿಸಿತು. ಅದು 1965ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ತನ್ನ ವರ್ಗದ ಗೆಲುವು ಪಡೆಯಿತು. ಹೀಗಾಗಿ ನಮ್ಮ ಸಂಸಾರಸ್ಥ ಹೆರಾಲ್ಡ್, ಜಗತ್ತು ಮೆಚ್ಚಿದ ಆ ಓಟಗಾರನ ಒಡಹುಟ್ಟು. ಗುಣದಂತೆ ದೋಷದಲ್ಲಿಯೂ ಇಬ್ಬರಿಗೆ ಸಮಪಾಲು.

ಆ ದೋಷ ಇದ್ದದ್ದು ಹಿಂದಿನ ಗಾಲಿಗಳಲ್ಲಿ. ಚಕ್ಕಡಿಗೆ ಎರಡೂ ಗಾಲಿಗಳನ್ನು ಹಿಡಿದ ಒಂದೇ ಅಚ್ಚು. ಹೆರಾಲ್ಡಿನಲ್ಲಿ ಹಿಂದಿನ ಅಚ್ಚು ನಡುವೆ ಎರಡಾಗಿ, ಹಕ್ಕಿಯ ರೆಕ್ಕೆಗಳಂತೆ ಮೇಲೆ ಕೆಳಗೆ ಆಡುತ್ತದೆ. ಇವೆರಡಕ್ಕೂ ಮೇಲೆ ಅಡ್ಡಲಾಗಿ ಕೂರಿಸಿದ ಒಂದೇ ಪಟ್ಟಿ ಸ್ಪ್ರಿಂಗು. ತಗ್ಗುದಿನ್ನೆಯ ರಸ್ತೆಯಲ್ಲಿ ಇದು ಆರಾಮ. ಆದರೆ ಜೋರಾಗಿ ತಿರುವಿಗೆ ಬಂದಾಗ ಚಾಲಕ ಗಾಬರಿಯಾಗಿ ಆಕ್ಸಲರೇಟರಿನಿಂದ ಕಾಲು ತೆಗೆದನೆನ್ನಿ. ಕಾರಿನ ಭಾರ ಮುಂದಕ್ಕೆ ವಾಲಿ ಹಿಂಭಾಗ ಮೇಲೇಳುತ್ತದೆ. ರೆಕ್ಕೆಗಳು ಕೆಳಗೆ ಜೋಲುತ್ತವೆ. ಗಾಲಿಯ ತಳ ಒಳಕ್ಕೆ ಮಡಚಿಕೊಂಡು ಟಯರು ಅಂಚಿನ ಮೇಲೆ ನಿಲ್ಲುತ್ತದೆ. ನೆಲದ ಹಿಡಿತ ತಪ್ಪಿದ ಕಾರು ಬುಗುರಿಯಂತೆ ತಿರುಗಬಹುದು, ಮಗುಚಲೂಬಹುದು.

ಹವ್ಯಾಸಿಗಳು ಕಂಡುಕೊಂಡ ಮೊದಲ ಪರಿಹಾರ ಕಾರನ್ನು ತಗ್ಗಿಸುವುದು. ಹಿಂದಿನ ಸ್ಪ್ರಿಂಗಿನ ಎತ್ತರ ಇಳಿಸಿದರೆ ಗಾಲಿಗಳ ನೆತ್ತಿ ಮೊದಲೇ ತುಸು ಒಳಕ್ಕೆ ವಾಲಿ ನಿಲ್ಲುತ್ತದೆ. ತಿರುವಿನಲ್ಲಿ ತಳ ಮಡಚಿಕೊಳ್ಳುವ ಭಯ ಕಡಿಮೆ. ಮುಂದಿನ ಗಾಲಿಗಳ ನಡುವೆ ದಪ್ಪನೆಯ ಆಂಟಿರೋಲ್ ಬಾರ್ ಕೂರಿಸಿದರೆ ವಾಲಾಟದ ಭಾರವನ್ನು ಮುಂಭಾಗವೇ ಹೊರುತ್ತದೆ. ಕಾರ್ಖಾನೆಗಳೂ ಸುಮ್ಮನಿರಲಿಲ್ಲ. 1970ರ ಸ್ಪಿಟ್‌ಫೈರಿನಲ್ಲಿ ಸ್ಪ್ರಿಂಗಿನ ಪಟ್ಟಿಗಳು ನಡುವೆ ತೂಗಾಡುವಂತೆ ಮಾಡಲಾಯಿತು. ಮದ್ರಾಸಿನ ಕಾರ್ಖಾನೆ ಹೆರಾಲ್ಡಿನ ನಂತರ ಹೊರತಂದ ಗಜೆಲ್ ಕಾರಿಗೆ ರೆಕ್ಕೆಯ ಅಚ್ಚನ್ನೇ ಕೈಬಿಟ್ಟು, ಚಕ್ಕಡಿಯಂತೆ ಇಡಿಯ ಅಚ್ಚನ್ನು ಕೊಟ್ಟಿತು.

ಎರಡನೆಯದು ಗಾಲಿಯದೇ ಬದಲಾವಣೆ. ಹೆರಾಲ್ಡಿನ ಮೂಲ ರಿಮ್ಮು 13 ಇಂಚು ವ್ಯಾಸದ್ದು, ಅಗಲ ಮೂರೂವರೆ ಇಂಚು ಮಾತ್ರ. ಅಗಲವಾದ ರಿಮ್ಮು, ಅದಕ್ಕೊಪ್ಪುವ ಟಯರು ಹಾಕಿದರೆ ನೆಲದ ಹಿಡಿತ ಹೆಚ್ಚುತ್ತದೆ. ಉಕ್ಕಿನ ಬದಲು ಹಗುರವಾದ ಮಿಶ್ರಲೋಹದ ಗಾಲಿಯಿದ್ದರೆ ಇನ್ನೂ ಒಳ್ಳೆಯದು. ಗಾಲಿ, ಬ್ರೇಕು ಮುಂತಾದ ಭಾಗಗಳು ಸ್ಪ್ರಿಂಗಿನ ಕೆಳಗಿರುವಂಥವು. ಇವು ಭಾರವಾದಷ್ಟೂ ಉಬ್ಬಿನ ಮೇಲೆ ಪುಟಿದ ಗಾಲಿ ನೆಲಕ್ಕೆ ಮರಳುವುದು ತಡ. ನೆಲ ಬಿಟ್ಟ ಗಾಲಿ ಎಳೆಯಲಾರದು, ತಡೆಯಲಾರದು, ತಿರುಗಿಸಲೂ ಆರದು.

ಆದರೆ ಇಲ್ಲಿ ಯಾವುದೂ ಬಿಟ್ಟಿಯಾಗಿ ಸಿಗುವುದಿಲ್ಲ. ಹಿಡಿತ ಹೆಚ್ಚಾದಂತೆ ಅದರ ಒತ್ತಡ ಒಳಗಿನ ಭಾಗಗಳ ಮೇಲೆ ಬೀಳುತ್ತದೆ. ಗಾಲಿ ಹೊರಕ್ಕೆ ಚಾಚಿಕೊಂಡಷ್ಟೂ ಬೇರಿಂಗು ಸವೆಯುತ್ತದೆ. ಈ ವಂಶದ ಕಾರುಗಳ ಹಿಂದಿನ ಅರೆ ಅಚ್ಚುಗಳು ಗಾಲಿಯ ಗುಂಬದ ಹತ್ತಿರ ತುಂಡಾಗುವುದು ಓಟಗಾರರಿಗೆ ಗೊತ್ತಿರುವ ಸಂಗತಿ. ತುಂಡಾದರೆ ಗಾಲಿಯೇ ಕಳಚಿ ಹೋಗುತ್ತದೆ. ಮುಂದಿನ ಗಾಲಿಯನ್ನು ಹೊತ್ತು ತಿರುಗಿಸುವ ಕೆಳಗಿನ ಕೀಲಿಗೆ, ಅಂದರೆ ಟ್ರನಿಯನ್ನಿಗೆ, ತಯಾರಕರು ಹೇಳಿದ್ದು ಗೇರ್ ಎಣ್ಣೆ. ಎಣ್ಣೆ ಒಣಗಿ ತುಕ್ಕು ಹಿಡಿದರೆ ಅದರೊಳಗಿನ ಉಕ್ಕಿನ ಕಂಬ ಮುರಿದು, ಗಾಲಿ ಒಂದು ಕಡೆಗೆ ಮಲಗಿಬಿಡುತ್ತದೆ. ಹೊಳೆಯುವ ಗಾಲಿಗೆ ಸಾವಿರಾರು ರೂಪಾಯಿ ಸುರಿದು, ಒಂದು ಬಟ್ಟಲು ಎಣ್ಣೆಗೆ ಬೇಸರಿಸಿದವರು ಕೆಟ್ಟರು.

ಇನ್ನೊಂದು ಎಚ್ಚರಿಕೆ ಕಾನೂನಿನದು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಪಂದ್ಯದ ಪಥಕ್ಕೆಂದು ತಿದ್ದಿದ ಕಾರು ಸಾರ್ವಜನಿಕ ರಸ್ತೆಗೆ ಸಲ್ಲದು. ನೆಲಕ್ಕೆ ತಾಗುವಂತೆ ತಗ್ಗಿಸಿದ ಕಾರು ಊರ ಮುಂದಿನ ಮೊದಲ ರಸ್ತೆ ಉಬ್ಬನ್ನೇ ದಾಟಲಾರದೆಂಬುದು ಬೇರೆ ಮಾತು.

ಎಂಜಿನ್ನಿನ ಬಲ ಕಾರನ್ನು ತಿರುವಿನವರೆಗೆ ಒಯ್ಯುತ್ತದೆ. ತಿರುವು ದಾಟಿಸಿ ಮನೆಗೆ ಮರಳಿ ತರುವುದು ಮಾತ್ರ ಕಣ್ಣಿಗೆ ಬೀಳದ ಆ ಸಣ್ಣ ಕೀಲುಗಳು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ರೈತ ಹೊಸ್ತಿಲಲ್ಲಿ ಕಡೆಗೀಲು ತಟ್ಟಿ ನೋಡುವುದು ಅದಕ್ಕಾಗಿಯೇ.